ಚೀಬನ ಕೈಯಲ್ಲಿದ್ದ ಹೊಲ

(ಸಿಂಧನೂರು, ಲಿಂಗಸುಗೂರು, ಮಸ್ಕಿ ಸಭೆಗಳ ಸಂಯುಕ್ತ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: 2 ಸಮುವೇಲ 9ನೇ ಅಧ್ಯಾಯ, 16:1–4, 19:24–30)

ಕೂತುಕೊಳ್ರಿ. ಲಿಂಗಸುಗೂರಿನಿಂದ ಬಂದ ತಾಯಂದಿರು ಹಿಂದೆ ನಿಂತಾರ, ಯೌವನಸ್ಥರು ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಡ್ರಿ. ಸ್ತೋತ್ರ.

ಮೂರೂ ಊರಿನ ಸಭೆ ಒಂದೇ ಕಡೆ ಕೂಡಿದ ದಿನ ಸಾಮಾನ್ಯವಾಗಿ ಬಿಡುಗಡೆಯ ಸಂದೇಶ, ಆಶೀರ್ವಾದದ ಸಂದೇಶ ಕೊಡ್ತೀವಿ. ಇವತ್ತು ನಾನು ಪಹಣಿ ಬಗ್ಗೆ ಮಾತಾಡ್ತೀನಿ. ನಗಬೇಡ್ರಿ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗೆ ಪ್ರಾರ್ಥನೆಗೆ ಕರೆದಾಗ ನಾನು ಕೇಳೋ ಕಾರಣ ಬಹಳ ಸಲ ಒಂದೇ: ಹೊಲ. ಅದರಲ್ಲೂ ಒಂದು ಮಾತು ಎಲ್ಲರೂ ದನಿ ತಗ್ಗಿಸಿ ಹೇಳ್ತಾರ. ಮನೆಯಲ್ಲಿ ಒಬ್ಬ ಮಗ ಇದ್ದಾನೆ, ಇಲ್ಲವೇ ಒಬ್ಬ ಅಕ್ಕ ಇದ್ದಾಳೆ. ಬುದ್ಧಿ ಬೆಳವಣಿಗೆ ಕಮ್ಮಿ, ಇಲ್ಲವೇ ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನ ಇಲ್ಲ. ಪಾಲು ಅವರಿಗೂ ಇದೆ, ನಡೆಸಿಕೊಂಡು ಹೋಗೋ ಶಕ್ತಿ ಇಲ್ಲ. ಆ ಪಾಲು ಯಾರ ಕೈಯಲ್ಲಿ ಇರಬೇಕು? ಆ ಕೈ ನಿನ್ನದಾಗಲಿ ಅಂತ ಯಾರಾದರೂ ಬಂದು ಕೇಳಿದರೆ ಹೂಂ ಅನ್ನಬೇಕೋ, ಒಲ್ಲೆ ಅನ್ನಬೇಕೋ?

ನನ್ನನ್ನು ಕೇಳಿದರು. ಅದಕ್ಕೇ ಈ ಸಂದೇಶ.

ಮನೆಯವರ ಒಪ್ಪಿಗೆ ತೆಗೆದುಕೊಂಡೇ ಹೇಳ್ತಿದ್ದೀನಿ, ಊರಿನ ಹೆಸರು ಬೇಡ. ನಮ್ಮ ಅವ್ವನ ತಂಗಿ, ನನಗೆ ಸಣ್ಣವ್ವ, ಮಸ್ಕಿ ಕಡೆ ಇದ್ದಾಳೆ. ಸಣ್ಣಪ್ಪ ತೀರಿಹೋಗಿ ನಾಲ್ಕು ವರ್ಷ. ಇಬ್ಬರು ಗಂಡುಮಕ್ಕಳು. ಚಿಕ್ಕವನಿಗೆ ಈಗ ಮೂವತ್ತನಾಲ್ಕು. ಮಾತು ನಿಧಾನ, ಹತ್ತರ ಮೇಲೆ ಎಣಿಸಲಿಕ್ಕೆ ಬರೋದಿಲ್ಲ, ರೊಕ್ಕದ ನೋಟು ಬಣ್ಣದಿಂದ ಗುರುತು ಹಿಡಿತಾನೆ. ಎಮ್ಮೆ ವಿಷಯದಲ್ಲಿ ಮಾತ್ರ ಊರಿಗೇ ಬುದ್ಧಿ ಹೇಳ್ತಾನೆ. ಸಣ್ಣವ್ವ ತನ್ನ ಭಾಗವನ್ನೂ ಅವನಿಗೇ ಬಿಡಬೇಕು ಅಂತಾಳೆ, ಎಲ್ಲ ಸೇರಿ ಅವನ ಪಾಲಿಗೆ ನಾಲ್ಕು ಎಕರೆ. ಎಡದಂಡೆ ಕಾಲುವೆಯ ಟೇಲ್‌ಎಂಡ್ ಭೂಮಿ, ನಿಮಗೆ ಗೊತ್ತಲ್ಲ, ಮೇಲಿನವರು ಬಿಟ್ಟ ಮೇಲೆ ನೀರು. ಆದರೂ ನೀರು ಬಂದ ವರ್ಷ ನೆಲ್ಲು ಬೆಳೆಯೋ ಭೂಮಿ, ಲೀಜಿಗೆ ಕೊಟ್ಟರೆ ಎಕರೆಗೆ ಇಷ್ಟು ಚೀಲ ಅಂತ ಮನೆಗೆ ಬರುತ್ತೆ.

ಒಂಬತ್ತು ತಿಂಗಳ ಹಿಂದೆ ಸಣ್ಣವ್ವ ನನ್ನ ಕೈ ಹಿಡಿದು, "ತಮ್ಮಾ, ನನ್ನ ಕಣ್ಣು ಮುಚ್ಚಿದ ಮ್ಯಾಲೆ ಇವನ ಹೊಲ ನೀ ನೋಡಿಕೋ. ಕಾಗದ ಮಾಡಿಸೋಣ" ಅಂದಳು. ನಾನೇನು ಹೇಳಿದೆ ಗೊತ್ತಾ? "ಪ್ರಾರ್ಥನೆ ಮಾಡ್ತೀನಿ ಸಣ್ಣವ್ವ" ಅಂದೆ. ಒಂಬತ್ತು ತಿಂಗಳು ಅದನ್ನೇ ಹೇಳಿದೆ. ದೇವರ ಮಕ್ಕಳೇ, ನಾನು ಒಂದು ದಿನವೂ ಆ ವಿಷಯಕ್ಕೆ ಮೊಣಕಾಲೂರಲಿಲ್ಲ. ಒಲ್ಲೆ ಅಂತ ಬಾಯಿಬಿಟ್ಟು ಹೇಳಲಿಕ್ಕೆ ಧೈರ್ಯ ಇಲ್ಲದವನು ಪ್ರಾರ್ಥನೆಯನ್ನು ಅಡ್ಡ ಹಿಡಿದುಕೊಂಡಿದ್ದೆ. ಆಮೇಲೆ ಒಂದು ರಾತ್ರಿ ಎರಡನೆಯ ಸಮುವೇಲ ಓದ್ತಾ ಕೂತಿದ್ದಾಗ ಈ ಚೀಬ ಎದುರಿಗೆ ಬಂದು ನಿಂತ.

ಕಥೆ ನಿಮಗೆ ಗೊತ್ತು. ಆದರೆ ನಾವು ಬೋಧಿಸೋದು ಅರ್ಧ ಕಥೆ. ಯೋನಾತಾನನ ಮಗ ಮೆಫೀಬೋಶೆತ ಐದು ವರ್ಷದವನಿದ್ದಾಗ ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಹೋದವು. ಲೋದೆಬಾರಿನಲ್ಲಿ ಮಾಕೀರ ಎಂಬವನ ಮನೆಯಲ್ಲಿ ಬೆಳೆದ. ದಾವೀದ ಅರಸನಾದ ಮೇಲೆ ಅವನನ್ನು ಕರೆಸಿ ಸೌಲನ ಭೂಮಿಯೆಲ್ಲಾ ಅವನಿಗೆ ವಾಪಸ್ ಕೊಟ್ಟ, ತನ್ನ ಮೇಜಿನಲ್ಲೇ ಊಟಕ್ಕೆ ಕೂರಿಸಿಕೊಂಡ. ಇಲ್ಲಿಗೆ ನಾವು ಹಲ್ಲೆಲೂಯ ಅಂದು ಮುಗಿಸ್ತೀವಿ. ಕೃಪೆಯ ಮೇಜು, ಬಹಳ ಒಳ್ಳೇ ಸಂದೇಶ, ನಾನೇ ಅದನ್ನ ಎಷ್ಟೋ ಸಲ ಕೊಟ್ಟಿದ್ದೀನಿ.

ಆದರೆ ಹೊಲ ಏನಾಯ್ತು? ಮೆಫೀಬೋಶೆತ ಯೆರೂಸಲೇಮಿನಲ್ಲಿ, ಹೊಲ ದೂರದಲ್ಲಿ. ದಾವೀದ ಸೌಲನ ಮನೆಯ ಆಳು ಚೀಬನನ್ನು ಕರೆದು, ನೀನು, ನಿನ್ನ ಮಕ್ಕಳು, ನಿನ್ನ ಆಳುಗಳು ಇವನಿಗಾಗಿ ಉಳುಮೆ ಮಾಡಿ ಬೆಳೆ ತಂದುಕೊಡಬೇಕು ಅಂತ ಅಪ್ಪಣೆ ಮಾಡಿದ. ಚೀಬನಿಗೆ ಹದಿನೈದು ಗಂಡುಮಕ್ಕಳು, ಇಪ್ಪತ್ತು ಆಳುಗಳು. ಅಂದರೆ ಶಕ್ತಿಯೆಲ್ಲಾ ಅವನ ಕಡೆ. ಹಕ್ಕು ಒಬ್ಬನದು, ಕೈ ಇನ್ನೊಬ್ಬನದು. ನಾವು ಟ್ರಸ್ಟಿ ಅನ್ನೋದು, ಸತ್ಯವೇದ ಮನೆವಾರ್ತೆಯವನು ಅನ್ನೋದು ಇದಕ್ಕೇ.

ಒಂದು ಸಣ್ಣ ವಿಷಯ ಗಮನಿಸ್ರಿ. ಸೌಲನ ಮನೆಯವರು ಯಾರಾದರೂ ಉಳಿದಿದ್ದಾರಾ ಅಂತ ಅರಸ ಕೇಳಿದಾಗ ಚೀಬ ಹೆಸರು ಹೇಳೋದಿಲ್ಲ. ಯೋನಾತಾನನಿಗೆ ಒಬ್ಬ ಮಗ ಇದ್ದಾನೆ, ಕಾಲು ಕುಂಟು ಅಂತಾನೆ, ಅಷ್ಟೇ. ಹೆಸರು ಹಿಡಿದು ಕರೆಯೋದು ದಾವೀದ. ನಮ್ಮ ಊರುಗಳಲ್ಲೂ ಹಂಗೇ. "ಆ ಮನೆಯ ಮೂಗ," "ಆ ಕುಂಟಿ." ಸರಕಾರದವರು ವಿಕಲಚೇತನರು ಅಂತ ಬರೀತಾರೆ, ನಾವು ಆ ಪದ ಅರ್ಜಿಯಲ್ಲಿ ಮಾತ್ರ ಬಳಸ್ತೀವಿ. ಹೆಸರು ಹೋದ ಮನುಷ್ಯನ ಹೊಲ ಹೋಗಲಿಕ್ಕೆ ಬಹಳ ದಿನ ಬೇಕಾಗಿಲ್ಲ.

ಮುಂದೆ ಹದಿನಾರನೇ ಅಧ್ಯಾಯ. ಅಬ್ಷಾಲೋಮನಿಗೆ ಹೆದರಿ ದಾವೀದ ಊರು ಬಿಟ್ಟು ಓಡ್ತಿದ್ದಾನೆ. ಚೀಬ ಕತ್ತೆಗಳ ಮೇಲೆ ಇನ್ನೂರು ರೊಟ್ಟಿ, ನೂರು ಒಣದ್ರಾಕ್ಷಿ ಗೊಂಚಲು, ಹಣ್ಣು, ದ್ರಾಕ್ಷಾರಸ ಹೇರಿಕೊಂಡು ಎದುರಿಗೆ ಬರ್ತಾನೆ. ನಿನ್ನ ಯಜಮಾನ ಎಲ್ಲಿ ಅಂದರೆ, ಯೆರೂಸಲೇಮಿನಲ್ಲೇ ಕೂತಿದ್ದಾನೆ, ರಾಜ್ಯ ತನಗೆ ಸಿಗುತ್ತೆ ಅಂತ ಕಾಯ್ತಿದ್ದಾನೆ ಅಂತಾನೆ. ದಾವೀದ ಅಲ್ಲೇ, ನಿಂತ ನಿಲುವಿನಲ್ಲೇ, ಮೆಫೀಬೋಶೆತನದ್ದೆಲ್ಲಾ ನಿನ್ನದು ಅಂದುಬಿಟ್ಟ.

ಆ ರೊಟ್ಟಿ ಯಾರ ಹೊಲದ್ದು? ಆ ದ್ರಾಕ್ಷಿ ಯಾರ ತೋಟದ್ದು? ವಾಕ್ಯ ಅದನ್ನ ಹೇಳೋದಿಲ್ಲ, ನಾನೂ ಖಂಡಿತವಾಗಿ ಹೇಳಲಾರೆ. ಆದರೆ ಓದಿದಾಗಲೆಲ್ಲಾ ಆ ಪ್ರಶ್ನೆ ಬರುತ್ತೆ. ಇನ್ನೊಬ್ಬರ ಆಸ್ತಿ ನೋಡಿಕೊಳ್ಳೋನಿಗೆ ಉದಾರಿ ಆಗೋದು ಸುಲಭ.

ದಾವೀದ ವಾಪಸ್ ಬಂದಾಗ ಮೆಫೀಬೋಶೆತ ಎದುರುಗೊಂಡ. ಅರಸ ಹೋದ ದಿನದಿಂದ ಕಾಲು ಕಟ್ಟಿಸಿಕೊಂಡಿಲ್ಲ, ಗಡ್ಡ ಕತ್ತರಿಸಿಲ್ಲ, ಬಟ್ಟೆ ಒಗೆಸಿಲ್ಲ. ಕತ್ತೆಗೆ ತಡಿ ಹಾಕಿಸಿ ನಿನ್ನ ಹಿಂದೆ ಬರಬೇಕು ಅಂತಿದ್ದೆ, ನನ್ನ ಆಳು ಮೋಸ ಮಾಡಿದ, ನನ್ನ ಮೇಲೆ ಚಾಡಿ ಹೇಳಿದ ಅಂದ. ಈಗಲಾದರೂ ದಾವೀದ ವಿಚಾರಿಸಿದನಾ? ಮಾತು ಸಾಕು, ನೀನೂ ಚೀಬನೂ ಹಂಚಿಕೊಳ್ರಿ ಅಂದ. ದೇವರ ಹೃದಯಕ್ಕೆ ಒಪ್ಪಿದ ಮನುಷ್ಯ ಅಂತ ನಾವು ಸಾರೋ ಆ ದಾವೀದ! ಪಂಚಾಯ್ತಿ ಬೇಗ ಮುಗಿಸಬೇಕು ಅಂತ ಅರ್ಧ ಅರ್ಧ ಮಾಡಿದ. ಇದನ್ನ ನ್ಯಾಯ ಅಂತ ವ್ಯಾಖ್ಯಾನ ಮಾಡೋರು ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಚೀಬ ಸುಳ್ಳು ಹೇಳಿದ್ದರೆ ಅವನಿಗೆ ಅರ್ಧ ಯಾಕೆ? ನಿಜ ಹೇಳಿದ್ದರೆ ಇವನಿಗೆ ಅರ್ಧ ಯಾಕೆ?

ಈ ಕಥೆಯಲ್ಲಿ ನನಗೆ ಚೀಬನಿಗಿಂತ ದಾವೀದ ಹೆಚ್ಚು ಕಾಡಿದ. ಚೀಬನಂಥವರು ಎಲ್ಲಾ ಕಾಲದಲ್ಲೂ ಇರ್ತಾರೆ. ದಾವೀದ ಒಳ್ಳೆಯವನು, ಮನಸ್ಸಿನಿಂದ ಉಪಕಾರ ಮಾಡಿದವನು. ಆದರೆ ಮೂರು ಅಧ್ಯಾಯದಲ್ಲಿ ಒಂದು ಸಲವೂ ಅವನು ಮೆಫೀಬೋಶೆತನನ್ನು, ನಿನ್ನ ಹೊಲ ಯಾರು ನೋಡಬೇಕು ಅಂತ ಕೇಳಿದ್ದು ಬರೆದಿಲ್ಲ. ಲೆಕ್ಕ ಒಪ್ಪಿಸು ಅಂತ ಚೀಬನಿಗೆ ಹೇಳಿದ್ದೂ ಬರೆದಿಲ್ಲ. ಆಸ್ತಿ ಕೊಟ್ಟ, ಆಳು ಇಟ್ಟ, ಮೇಜಿಗೆ ಕರೆದ, ಅಲ್ಲಿಗೆ ತನ್ನ ಕೆಲಸ ಮುಗೀತು ಅಂದುಕೊಂಡ. ನಾನು ಸಣ್ಣವ್ವನಿಗೆ ಏನು ಉತ್ತರ ಕೊಡಬೇಕು ಅನ್ನೋದು ನನಗೆ ಇಲ್ಲಿ ಹೊಳೀತು. ನಾನು ಒಂಬತ್ತು ತಿಂಗಳು ಕೇಳಿಕೊಂಡಿದ್ದು, "ನಾನು ಪ್ರಾಮಾಣಿಕನಾ?" ಅನ್ನೋ ಪ್ರಶ್ನೆ. ಅದು ತಪ್ಪು ಪ್ರಶ್ನೆ. ಅದಕ್ಕೆ ಎಲ್ಲರೂ ಹೌದು ಅಂತಾರೆ, ಚೀಬನೂ ಅಂದಿರ್ತಿದ್ದ. ಕೇಳಬೇಕಾಗಿದ್ದು ಬೇರೆ. ನನ್ನನ್ನು ಲೆಕ್ಕ ಕೇಳಲಿಕ್ಕೆ ಆಗದ ಮನುಷ್ಯನಿಗೆ, ನಾನಾಗಿ ಹೋಗಿ, ಬೇರೆಯವರ ಕಣ್ಣೆದುರಿಗೆ ಲೆಕ್ಕ ಕೊಡಲಿಕ್ಕೆ ತಯಾರಿದ್ದೀನಾ? ತಯಾರಿಲ್ಲದಿದ್ದರೆ ನಾನು ಎಷ್ಟೇ ಒಳ್ಳೆಯವನಾಗಿರಲಿ, ಒಲ್ಲೆ ಅನ್ನಬೇಕು.

ಒಲ್ಲೆ ಅನ್ನೋದು ಪಾಪ ಅಲ್ಲ. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಒಲ್ಲೆ ಅಂದವನನ್ನು ಕಲ್ಲುಹೃದಯದವನು ಅಂತಾರೆ. ಲೂಕ ಹನ್ನೆರಡರಲ್ಲಿ ಒಬ್ಬ ಬಂದು, ನನ್ನ ಅಣ್ಣನಿಗೆ ಹೇಳಿ ಆಸ್ತಿ ಪಾಲು ಕೊಡಿಸು ಅಂತ ಯೇಸುವನ್ನೇ ಕೇಳಿದ. ಕರ್ತನು ಆ ಕೆಲಸ ಒಪ್ಪಲಿಲ್ಲ, ನೇರವಾಗಿ ಒಲ್ಲೆ ಅಂದ, ಲೋಭದ ಬಗ್ಗೆ ಎಚ್ಚರಿಕೆ ಕೊಟ್ಟ. ಅಲ್ಲಿ ಕೇಳಿದವನು ಬಾಯಿದ್ದವನು, ತನ್ನ ಜಗಳ ತಾನೇ ಆಡಬಲ್ಲವನು, ಅದೂ ನಿಜ. ಆದರೂ ಕರ್ತನು "ನೋಡೋಣ" ಅನ್ನಲಿಲ್ಲ. ನನ್ನ ಹಾಗೆ ಒಂಬತ್ತು ತಿಂಗಳು ಎಳೆಯಲಿಲ್ಲ.

ಈ ದೇಶದ ಕಾನೂನೂ ಇದನ್ನೇ ಹೇಳುತ್ತೆ. ನಾನು ವಕೀಲ ಅಲ್ಲ, ಕಾಗದ ಮಾಡಿಸೋ ಮೊದಲು ನೀವು ವಕೀಲರನ್ನ ಕೇಳಲೇಬೇಕು. ಆದರೆ ಓದಿ ತಿಳಿದುಕೊಂಡಿದ್ದು ಹೇಳ್ತೀನಿ. 1882ರ ಭಾರತೀಯ ನ್ಯಾಸ ಕಾಯ್ದೆ, ಟ್ರಸ್ಟ್ ಕಾಯ್ದೆ, ಅದರಲ್ಲಿ ಟ್ರಸ್ಟಿ ಆಗಲೇಬೇಕು ಅಂತ ಯಾರಿಗೂ ಬಲವಂತ ಇಲ್ಲ, ಹತ್ತನೇ ಕಲಂ. ಆದರೆ ಒಂದು ಸಲ ಒಪ್ಪಿಕೊಂಡ ಮೇಲೆ ನಿನ್ನ ಮನಸ್ಸಿಗೆ ಬಂದಾಗ ಕೈ ಬಿಡಲಿಕ್ಕೆ ಬರೋದಿಲ್ಲ, ನಲವತ್ತಾರನೇ ಕಲಂ. ಕೋರ್ಟಿನ ಅನುಮತಿ ಬೇಕು, ಇಲ್ಲವೇ ಪತ್ರದಲ್ಲೇ ಅಂಥ ಅಧಿಕಾರ ಬರೆದಿರಬೇಕು, ಇಲ್ಲವೇ ಆಸ್ತಿಯ ಫಲ ಸಿಗೋ ಮನುಷ್ಯ ಕರಾರು ಮಾಡಬಲ್ಲವನಾಗಿದ್ದು ಒಪ್ಪಬೇಕು. ನಮ್ಮ ತಮ್ಮನಂಥವನ ವಿಷಯದಲ್ಲಿ ಆ ಕೊನೆಯ ಬಾಗಿಲು ಬಹುಶಃ ಮುಚ್ಚಿದ ಬಾಗಿಲೇ. ಹಾಗಾಗಿ ಒಲ್ಲೆ ಅನ್ನೋರು ಈಗಲೇ ಅನ್ನಬೇಕು, ಕಾಗದ ಆಗೋ ಮೊದಲು, ತಾಯಿ ಬದುಕಿರುವಾಗ. ಆಕೆ ಇನ್ನೊಬ್ಬರನ್ನ ಹುಡುಕಿಕೊಳ್ಳಲಿಕ್ಕಾದರೂ ಸಮಯ ಸಿಗಲಿ.

ಯಾರು ಒಲ್ಲೆ ಅನ್ನಬೇಕು? ಮೊದಲನೆಯದಾಗಿ ಸಾಲದಲ್ಲಿರೋನು. ಕೆಟ್ಟವನು ಅಂತಲ್ಲ. ಬ್ಯಾಂಕಿನ ಕಂತು, ಗೊಬ್ಬರದಂಗಡಿ ಬಾಕಿ, ಮಗಳ ಕಾಲೇಜು ಫೀಸು ಒಂದೇ ವಾರ ಬಂದಾಗ ಪಕ್ಕದಲ್ಲಿ ಇನ್ನೊಬ್ಬರ ರೊಕ್ಕ ಸುಮ್ಮನೆ ಕೂತಿದ್ದರೆ "ಬೆಳೆ ಬಂದ ಮೇಲೆ ಹಾಕಿದರಾಯ್ತು" ಅನ್ನೋ ದನಿ ಬರುತ್ತೆ. ಆ ದನಿ ಪವಿತ್ರಾತ್ಮನದ್ದಲ್ಲ. ಇಸ್ಕರಿಯೋತ ಯೂದ ಹಣದ ಚೀಲ ಹಿಡಿದಿದ್ದ ಅಂತ ಯೋಹಾನ ಬರೀತಾನೆ, ಅದರಲ್ಲಿ ಹಾಕಿದ್ದನ್ನ ತೆಗೀತಿದ್ದ ಅಂತಲೂ ಬರೀತಾನೆ. ಒಂದೇ ದಿನ ಮೂವತ್ತು ಬೆಳ್ಳಿ ನಾಣ್ಯಕ್ಕೆ ಬಂದವನಲ್ಲ ಅವನು. ಎರಡನೆಯದು, ಬದುವಿಗೆ ಬದು ಹೊಲ ಇರೋನು. ಆ ನಾಲ್ಕು ಎಕರೆ ತನಗೇ ಬಂದರೆ ಎಷ್ಟು ಚೆಂದ ಅಂತ ದಿನಾ ನೋಡೋನು ಅದನ್ನ ಕಾಯೋದು ಕಷ್ಟ. ಟ್ರಸ್ಟಿಗೆ ಆಸ್ತಿ ಮಾರೋ ಜವಾಬ್ದಾರಿ ಇದ್ದರೆ, ಅದನ್ನ ಅವನು ನೇರವಾಗಿಯೂ ಕೊಳ್ಳೋ ಹಾಗಿಲ್ಲ, ಬೇರೆಯವರ ಹೆಸರಲ್ಲೂ ಕೊಳ್ಳೋ ಹಾಗಿಲ್ಲ ಅಂತ ಅದೇ ಕಾಯ್ದೆಯ ಐವತ್ತೆರಡನೇ ಕಲಂ. ಅಳಿಯನ ಹೆಸರು, ಹೆಂಡತಿ ತಮ್ಮನ ಹೆಸರು, ನಮಗೆ ಗೊತ್ತಿಲ್ಲದ ವಿದ್ಯೆನಾ ಇದು? 1882ರಲ್ಲೇ ಅವರಿಗೂ ಗೊತ್ತಿತ್ತು.

ಮೂರನೆಯವನ ಬಗ್ಗೆ ಹೇಳಲಿಕ್ಕೆ ನನಗೆ ಸಂಕೋಚ. ಆ ಮನುಷ್ಯ ಸತ್ತ ಮೇಲೆ ಆಸ್ತಿ ಯಾರಿಗೆ ಹೋಗುತ್ತೋ ಅವನು. ಹೆಚ್ಚಿನ ಮನೆಗಳಲ್ಲಿ ನೋಡಿಕೊಳ್ಳೋನು ಅವನೇ: ಸ್ವಂತ ಅಣ್ಣ. ನಮ್ಮ ಮನೆಯಲ್ಲೂ ಅಣ್ಣನೇ ನೋಡಿಕೊಳ್ತಾ ಬಂದಿದ್ದಾನೆ. ಅವನನ್ನು ಚೀಬ ಅಂತ ನಾನು ಕರೆಯೋದಿಲ್ಲ. ಹೆಂಡತಿ ಮಕ್ಕಳ ಜೊತೆ ತಮ್ಮನನ್ನೂ ಇಟ್ಟುಕೊಂಡು, ಜ್ವರ ಬಂದರೆ ಸಿಂಧನೂರಿಗೆ ಕರಕೊಂಡು ಬಂದು, ಫಿಟ್ಸ್ ಬಂದ ರಾತ್ರಿ ಎದ್ದು ಕೂತವನು ಅವನು. ಅವನು ನನ್ನ ಮುಖ ನೋಡಿ ಕೇಳಿದ: "ಅಣ್ಣಾ, ಇಷ್ಟು ವರ್ಷ ಉಣಿಸಿದ್ದು ನಾನು. ಈಗ ಕಾಗದ ಹಿಡಕೊಂಡು ನೀ ಬರ್ತೀ. ನಾ ಕಳ್ಳನೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರ ತಗೊಂಡೆ. ಈ ಸಲ ನಿಜವಾಗಿ ಪ್ರಾರ್ಥನೆ ಮಾಡಿದೆ.

ಆಮೇಲೆ ನನಗೆ ತಿಳಿದಿದ್ದು ಇಷ್ಟು. ಸೇವೆಯ ಲೆಕ್ಕ ಬೇರೆ, ಆಸ್ತಿಯ ಲೆಕ್ಕ ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ನಮ್ಮ ಮನೆಗಳಲ್ಲಿ ಇಷ್ಟು ಕಹಿ. ಅಣ್ಣ ಮಾಡಿದ ಸೇವೆಗೆ ಬೆಲೆ ಇದೆ. ಅದನ್ನ ತಮ್ಮನ ಹೊಲದ ಉತ್ಪನ್ನದಿಂದಲೇ, ತಿಂಗಳಿಗೆ ಇಷ್ಟು ಅಂತ, ಎಲ್ಲರೆದುರಿಗೆ ಕೊಡಬೇಕು. ಅತ್ತಿಗೆ ಒಗೆದ ಬಟ್ಟೆಗೆ, ಮಾಡಿದ ರೊಟ್ಟಿಗೆ ಬೆಲೆ ಇದೆ. ಕೊಟ್ಟರೆ ಏನಾಗುತ್ತೆ? ತಮ್ಮ ಆ ಮನೆಯಲ್ಲಿ ಅನ್ನದ ಋಣದಲ್ಲಿ ಇರೋನಲ್ಲ, ತನ್ನ ರೊಟ್ಟಿ ತಾನು ತಿನ್ನೋನು. ಅಣ್ಣನೂ ಮನಸ್ಸಿನಲ್ಲೇ ಸಾಲ ಬರಕೊಳ್ತಾ ಕೂರೋದಿಲ್ಲ. ಇಲ್ಲದಿದ್ದರೆ ಆ ಬರೆಯದ ಸಾಲ ಬೆಳೆದು ಬೆಳೆದು ಒಂದು ದಿನ ನಾಲ್ಕು ಎಕರೆ ಆಗುತ್ತೆ.

ಇನ್ನೊಂದು ಅಪಾಯ ನನಗೆ ಮೊದಲು ಹೊಳೆದಿರಲಿಲ್ಲ. ಉಳಿಸೋದೂ ಕಳ್ಳತನ ಆಗಬಹುದು. ಹೊಲ ಮಾರದೆ, ರೊಕ್ಕ ಮುಟ್ಟದೆ, ಬ್ಯಾಂಕಿನಲ್ಲಿ ಹಂಗೇ ಇಟ್ಟೆ ನೋಡ್ರಿ ಅಂತ ತೋರಿಸ್ತಾರೆ. ಎಲ್ಲರೂ ಭೇಷ್ ಅಂತಾರೆ. ಆದರೆ ಆ ಮನುಷ್ಯನಿಗೆ ಹಲ್ಲು ನೋವು, ಎರಡು ವರ್ಷದಿಂದ ಡಾಕ್ಟರಿಗೆ ತೋರಿಸಿಲ್ಲ. ಒಂದೇ ಶರಟು. ಯಾಕಂದ್ರೆ ಅವನ ಮೇಲೆ ಖರ್ಚು ಮಾಡದ ಒಂದೊಂದು ರೂಪಾಯಿ ನಾಳೆ ವಾರಸುದಾರರಿಗೆ ಸೇರುತ್ತೆ. ಯಜಮಾನನ ತಲಾಂತನ್ನು ಮಣ್ಣಲ್ಲಿ ಹೂತಿಟ್ಟು, ತಗೋ ನಿನ್ನದು ಹಂಗೇ ಇದೆ ಅಂದವನನ್ನು ಕರ್ತನು ಹೊಗಳಲಿಲ್ಲ. ಎಮ್ಮೆ ಮೇಲೆ ಅಷ್ಟು ಪ್ರೀತಿ ಇರೋನ ಹೊಲದ ರೊಕ್ಕದಿಂದ ಅವನಿಗೊಂದು ಎಮ್ಮೆ ಬರದಿದ್ದರೆ ಆ ಹೊಲ ಯಾರಿಗಾಗಿ?

ಈಗ ನನ್ನ ಮನೆ ಬಾಗಿಲಿಗೇ ಬರ್ತೀನಿ. ಈ ವಿಷಯ ಸ್ವಲ್ಪ ಜನಕ್ಕೆ ಗೊತ್ತಾದ ಮೇಲೆ ನಮ್ಮವರೇ ಒಬ್ಬರು, ಒಳ್ಳೇ ಮನಸ್ಸಿನಿಂದಲೇ, ಹೇಳಿದರು: "ಪಾಸ್ಟರ್, ಅವನಿಗೆ ಹೆಂಡತಿ ಮಕ್ಕಳಿಲ್ಲ. ಒಂದೆರಡು ಎಕರೆ ಕರ್ತನ ಕೆಲಸಕ್ಕೆ ಬಂದರೆ ಪ್ರಾರ್ಥನಾ ಮಂದಿರ ಆಗುತ್ತೆ. ಸಭೆಯೇ ಅವನನ್ನ ನೋಡಿಕೊಳ್ಳುತ್ತೆ." ಮಂದಿರ ಬೇಕು, ನಾನು ಸುಳ್ಳು ಹೇಳೋದಿಲ್ಲ. ಮಳೆಗಾಲದಲ್ಲಿ ಈ ತಗಡಿನ ಕೆಳಗೆ ನನ್ನ ದನಿ ನನಗೇ ಕೇಳಿಸೋದಿಲ್ಲ. ಆ ಮಾತು ಕೇಳಿದಾಗ ಒಂದು ಕ್ಷಣ ನನ್ನ ಮನಸ್ಸು ಅಲ್ಲಿ ಗೋಡೆ ಎಬ್ಬಿಸಿತು. ಆ ಒಂದು ಕ್ಷಣಕ್ಕಾಗಿ ಕ್ಷಮೆ ಕೇಳಿದ್ದೀನಿ. ಮಾರ್ಕ ಏಳರಲ್ಲಿ ಯೇಸು ಖಂಡಿಸಿದ್ದು ಇದನ್ನೇ: ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಕೊಟ್ಟಾಯ್ತು, ಅಂತ ಹೇಳಿ ತಪ್ಪಿಸೋದು. ಇನ್ನೊಬ್ಬರ ಪಾಲನ್ನ ದೇವರಿಗೆ ಕೊಡೋ ಅಧಿಕಾರ ಪಾಸ್ಟರಿಗೆ ಇಲ್ಲ. ಮೂರೂ ಊರಿನ ಹಿರಿಯರು ಕೇಳಿಸಿಕೊಳ್ರಿ, ಆ ನಾಲ್ಕು ಎಕರೆಯಿಂದ ಒಂದು ಚೀಲ ನೆಲ್ಲು ದಶಮಾಂಶ ಅಂತ ಬಂದರೂ ಅದು ಅವನು ತಾನೇ ತಿಳಿದು ಕೊಟ್ಟಿದ್ದಾ ಅಂತ ನನ್ನನ್ನು ಕೇಳಬೇಕು.

ಹಿಂದೆ ಇದಕ್ಕಿಂತ ಘೋರ ಇತ್ತು, ಅದನ್ನೂ ತಿಳಿದಿರಬೇಕು. ಹಳೇ ಹಿಂದೂ ಕಾನೂನಿನಲ್ಲಿ ಹುಟ್ಟುಕುರುಡರಿಗೆ, ಕಿವುಡ ಮೂಗರಿಗೆ ಪಾಲೇ ಇರಲಿಲ್ಲ, ಊಟ ಬಟ್ಟೆ ಮಾತ್ರ. 1928ರಲ್ಲಿ ಅದನ್ನ ತೆಗೆದರು, ಆದರೆ ಹುಟ್ಟಿನಿಂದ ಬುದ್ಧಿ ಸ್ವಾಧೀನ ಇಲ್ಲದವರನ್ನ ಆಗಲೂ ಹೊರಗೇ ಇಟ್ಟರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ರೋಗ ಇದೆ, ಊನ ಇದೆ ಅಂತ ಯಾರ ಪಾಲನ್ನೂ ತಪ್ಪಿಸೋ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾತಿ ಮತ ನೋಡದೆ ಎಲ್ಲರಿಗೂ ಹೇಳುತ್ತೆ: ಆಸ್ತಿ ಹೊಂದೋ, ವಾರಸಾಗಿ ಪಡೆಯೋ ಹಕ್ಕು ಬೇರೆಯವರಷ್ಟೇ ಅವರಿಗೂ ಇದೆ. ಸಹಾಯ ಮಾಡೋನಿಗೆ ಆ ವ್ಯವಹಾರದಲ್ಲಿ ಸ್ವಂತ ಲಾಭ ಇದ್ದರೆ ಅವನು ಆ ವ್ಯವಹಾರದಿಂದ ದೂರ ನಿಲ್ಲಬೇಕು ಅಂತಲೂ ಅದರಲ್ಲಿದೆ. ಆದರೂ ನಮ್ಮ ಬಾಯಿಂದ ಇನ್ನೂ "ಅವನಿಗ್ಯಾಕೆ ಹೊಲ, ಎರಡು ಹೊತ್ತು ಉಂಡರ ಸಾಕು" ಅನ್ನೋ ಮಾತು ಹೋಗಿಲ್ಲ.

ದಾರಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ, ಈ ನಾಲ್ಕು ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಹದಿನೆಂಟು ತುಂಬಿದ ಮೇಲೆ ತಂದೆತಾಯಿಗೂ ಮಗನ ಪರವಾಗಿ ಸಹಿ ಮಾಡೋ ಅಧಿಕಾರ ತಾನಾಗಿ ಉಳಿಯೋದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಿಲ್ಲಾ ಮಟ್ಟದ ಒಂದು ಸಮಿತಿ ಇರುತ್ತೆ. ಅದರಲ್ಲಿ ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಮತ್ತು ಒಬ್ಬರು ವಿಕಲಚೇತನರು ಇರಲೇಬೇಕು. ಆ ಸಮಿತಿಗೆ ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಬೇಕು. ಪಾಲಕನ ಅವಶ್ಯಕತೆ ಇದೆಯಾ, ಇದ್ದರೆ ಯಾವ ಯಾವ ಕೆಲಸಕ್ಕೆ ಅಂತ ಅವರು ನೋಡ್ತಾರೆ. ನೇಮಕ ಆದ ಆರು ತಿಂಗಳೊಳಗೆ ಸ್ಥಿರಾಸ್ತಿ ಚರಾಸ್ತಿ ಎಲ್ಲಾ ಪಟ್ಟಿ ಮಾಡಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಬಂದದ್ದೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು ಅಂತ ಲೆಕ್ಕ ಒಪ್ಪಿಸಬೇಕು. ದುರುಪಯೋಗ ಮಾಡಿದರೆ, ಅಲಕ್ಷ್ಯ ಮಾಡಿದರೆ ತೆಗೆದುಹಾಕ್ತಾರೆ. ತಾಯಿ ಬದುಕಿರುವಾಗ ನೋಂದಾಯಿತ ಪತ್ರದಿಂದ ಟ್ರಸ್ಟ್ ಮಾಡಬಹುದು, ಇಲ್ಲವೇ ಉಯಿಲಿನಲ್ಲಿ ಬರೀಬಹುದು. ಯಾವುದು ನಿಮ್ಮ ಮನೆಗೆ ಸರಿ ಅನ್ನೋದು ವಕೀಲರ ಹತ್ತಿರ ಕೂತು ಕೇಳೋ ಮಾತು. ನಂಬಿಕೆ ಇದ್ದರೆ ಕಾಗದ ಯಾಕೆ ಅನ್ನಬೇಡ್ರಿ. ಮಸ್ಕಿಯ ಬಂಡೆ ಮೇಲೆ ಅಶೋಕ ಅನ್ನೋ ಹೆಸರಿರೋ ಶಾಸನ 1915ರಲ್ಲಿ ಚಿನ್ನ ಹುಡುಕ್ತಾ ಬಂದ ಒಬ್ಬ ಎಂಜಿನಿಯರ್ ಕಣ್ಣಿಗೆ ಬಿದ್ದ ಮೇಲಲ್ಲವೇ, ಆ ಶಾಸನಗಳ ಅರಸ ಯಾರು ಅನ್ನೋದು ಗಟ್ಟಿಯಾಗಿದ್ದು? ಬರೆದಿದ್ದರು, ಉಳೀತು. ಬಾಯಲ್ಲಿ ಹೇಳಿದ್ದೆಲ್ಲಾ ಎಲ್ಲಿ ಹೋಯ್ತು?

ಕೊರಿಂಥದವರಿಗೆ ಬರೆದ ಎರಡನೆಯ ಪತ್ರ, ಎಂಟನೇ ಅಧ್ಯಾಯ ಮನೆಗೆ ಹೋಗಿ ಓದ್ರಿ. ಬಡ ವಿಶ್ವಾಸಿಗಳಿಗೆ ಕೂಡಿಸಿದ ಹಣವನ್ನ ಪೌಲ ಒಬ್ಬನೇ ಒಯ್ಯಲಿಲ್ಲ. ತೀತನ ಜೊತೆ ಸಭೆಗಳು ಆರಿಸಿದ ಸಹೋದರನನ್ನೂ ಕಳಿಸಿದ. ದೇವರ ಮುಂದೆ ಸರಿಯಾಗಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನೋದು ಅವನ ಕಾಳಜಿ. ಅಪೊಸ್ತಲನಿಗೇ ಜೊತೆಗಾರ ಬೇಕಾಯ್ತು. ನಾನ್ಯಾರು?

ಇಷ್ಟೆಲ್ಲಾ ತಿಳಿದ ಮೇಲೂ ಒಂದು ಬಾಕಿ ಇತ್ತು. ದಾವೀದ ಬಿಟ್ಟಿದ್ದನ್ನೇ ನಾನೂ ಬಿಟ್ಟಿದ್ದೆ. ಒಂದು ಸಂಜೆ ಹೋಗಿ ತಮ್ಮನ ಪಕ್ಕ ಎಮ್ಮೆ ಗ್ವಾದಲಿ ಮೇಲೆ ಕೂತು ಕೇಳಿದೆ. "ನಿನಗ ನಾಲ್ಕು ಎಕರೆ ಹೊಲ ಬರತದ. ಅದನ್ನ ಯಾರು ನೋಡಿಕೋಬೇಕು?"

ಅವನು ಬಹಳ ಹೊತ್ತು ಸುಮ್ಮನಿದ್ದ. ತಿಳಿಯಲಿಲ್ಲ ಅಂದುಕೊಂಡು ನಾನೇ ಉತ್ತರ ಹೇಳಿಕೊಡಲಿಕ್ಕೆ ಹೋದೆ, ನಮಗೆ ಚಟ ಅಲ್ಲವಾ ಅದು. ಅಷ್ಟರಲ್ಲಿ ಅಂದ: "ನಾ ನೋಡಿಕೊಂತೀನಿ. ನೀ ಬರಕೋ."

ಹೂಂ ಅಂದೆ. ಸಣ್ಣವ್ವನ ಹತ್ತಿರ ಹೋಗಿ, ಒಬ್ಬನೇ ಅಲ್ಲ, ಇಬ್ಬರು ಅಂತ ಹೇಳಿದೆ. ಇನ್ನೊಬ್ಬರು ಅವಳ ಊರಿನ ಒಬ್ಬ ರಿಟೈರ್ಡ್ ಮೇಷ್ಟ್ರು, ನಮ್ಮ ಸಭೆಯವರಲ್ಲ, ಅದಕ್ಕೇ ಅವರನ್ನ ಕೇಳಿಕೊಂಡೆ. ಸಮಿತಿಗೆ ಅರ್ಜಿ ತಯಾರಾಗ್ತಿದೆ. ಅಣ್ಣ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ತಿಂಗಳ ಖರ್ಚಿನ ಮಾತಿಗೆ ಅತ್ತಿಗೆ ಒಪ್ಪಿದ್ದಾಳೆ, ಅವನು ಒಪ್ಪಿಲ್ಲ. ತಮ್ಮನನ್ನ ಸಾಕಿದ್ದಕ್ಕೆ ಕೂಲಿ ತಗೊಳ್ಳಲಾ ಅಂತಾನೆ. ಅವನ ಮಾತಿನಲ್ಲೂ ಒಂದು ಘನತೆ ಇದೆ. ಅವನಿಗಾಗಿಯೂ ಪ್ರಾರ್ಥಿಸ್ರಿ.

ಸಿಂಧನೂರಿನಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಗೊಂಡು ಹೋಗಿದ್ದೆ. ಈ ಬೆಳೆಯ ಲೀಜಿನ ಚೀಲ, ಮಾರಿದ ರೇಟು, ಅವನ ಚಪ್ಪಲಿ, ಹಲ್ಲಿನ ಡಾಕ್ಟರು, ಎಲ್ಲ ಬರೆದು ಅವನಿಗೆ ಓದಿ ಹೇಳಿದೆ. ಅಂಕಿ ಅವನಿಗೆ ತಿಳಿಯೋದಿಲ್ಲ, ಆದರೆ ಪ್ರತಿ ಸಾಲಿಗೂ ಬೆರಳಿಟ್ಟು ಇದೇನು, ಇದೇನು ಅಂತ ಕೇಳಿದ. ಕೊನೆಗೆ, "ಹಿಂಡಿ?" ಅಂದ.

ಎಮ್ಮೆಗೆ ತಂದ ಹಿಂಡಿ ಚೀಲ ಬರೆಯೋದು ಬಿಟ್ಟಿದ್ದೆ. ಅವನೆದುರಿಗೇ ಬರೆದೆ.

ಎಲ್ಲರೂ ಎದ್ದು ನಿಲ್ಲೋಣ. ನಿಮ್ಮ ಮನೆಯಲ್ಲಿ ಹೀಗೆ ಒಬ್ಬರು ಇದ್ದರೆ, ಅವರ ಹೆಸರು ಹೇಳಿ ಗಟ್ಟಿಯಾಗಿ ಪ್ರಾರ್ಥಿಸ್ರಿ. ಹೆಸರು ಹೇಳ್ರಿ.